ದುಡಿಮೆಯ ಜಾಗದಲ್ಲಿ ಪರಸ್ಪರ ಅರಿವು

ಉಡುಪಿಯಿಂದ ಕುಂದಾಪುರದ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ, ಸ್ವರ್ಣಾ ನದಿಯನ್ನು ದಾಟುವ ಮುನ್ನ ಕಲ್ಯಾಣಪುರಕ್ಕೆ ತಾಗಿಕೊಂಡು ಸಿಗುವ ಊರು ಸಂತೆಕಟ್ಟೆ. ಸಂತೆ ಸೇರುವ ಕಟ್ಟೆ ಎಂಬುದೇ ಆ ಹೆಸರಿನ ಅರ್ಥ. ಸಂತೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಉರ್ದು, ಕುಂದಗನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ಅಲ್ಲಿ ಬಂದವರಿಗೆ ಒಬ್ಬರ ಜತೆ ಒಬ್ಬರು ಹೇಗೆ ವರ್ತಿಸಬೇಕೆಂದು ಯಾರೂ ತರಬೇತಿ ಕೊಡಲಿಲ್ಲ. ತಕ್ಕಡಿ ಸರಿಯಿದ್ದರೆ ವ್ಯಾಪಾರ ನಡೆಯುತ್ತದೆ, ಇಲ್ಲದಿದ್ದರೆ ಮುಂದಿನ ವಾರ ಗಿರಾಕಿ ಆ ಕಡೆ ಸುಳಿಯುವುದಿಲ್ಲ.

ಅದೇ ಸಂತೆಕಟ್ಟೆಯಲ್ಲಿ, ಹೆದ್ದಾರಿಯ ಬದಿಯಲ್ಲೇ, ರೋಬೋಸಾಫ್ಟ್ ಎಂಬ ತಂತ್ರಾಂಶ ಸಂಸ್ಥೆಯ ಕಚೇರಿ ತಲೆಯೆತ್ತಿತು. 1996ರಲ್ಲಿ ರೋಹಿತ್ ಭಟ್ ಉಡುಪಿಯಲ್ಲಿ ಆರಂಭಿಸಿದ ಈ ಸಂಸ್ಥೆಯನ್ನು 2021ರಲ್ಲಿ ಜಪಾನಿನ ಟೆಕ್ನೋಪ್ರೋ ಸಮೂಹವು 805 ಕೋಟಿ ರೂಪಾಯಿಗೆ ಖರೀದಿಸಿತು. ಸಂತೆಯ ಊರಿಗೆ ಈಗ ಜಪಾನಿನ ನಂಟೂ ಬಂತು. ಆಚೆ ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದಲೂ ಬೇರೆ ಬೇರೆ ರಾಜ್ಯ, ದೇಶಗಳ ಜನರು ಒಂದೇ ಸೂರಿನಡಿ ದುಡಿಯುತ್ತಾ ಬಂದಿದ್ದಾರೆ. ನಮ್ಮ ಮನೆಗಳ ಗಂಡು ಮಕ್ಕಳು ಮಾತ್ರವಲ್ಲ, ಹೆಣ್ಣು ಮಕ್ಕಳೂ ಇಂದು ಇಂತಹ ಕಚೇರಿ, ಆಸ್ಪತ್ರೆ, ಬ್ಯಾಂಕುಗಳಲ್ಲಿ ಉದ್ಯೋಗದಲ್ಲಿದ್ದಾರೆ. ಅಲ್ಲಿ ಅವರಿಗೆ ಒಂದು ಹೊಸ ಪದ ಎದುರಾಗುತ್ತದೆ. ಅದು 'ವೈವಿಧ್ಯ ತರಬೇತಿ'. ಭಿನ್ನ ಧರ್ಮ, ಭಾಷೆ, ಲಿಂಗ, ಪ್ರದೇಶಗಳ ಸಿಬ್ಬಂದಿ ಪರಸ್ಪರ ಗೌರವದಿಂದ ಹೇಗೆ ದುಡಿಯಬೇಕೆಂದು ಹೇಳಿಕೊಡುವ ತರಗತಿ. ಇದರಿಂದ ಪ್ರಯೋಜನವಿದೆಯೇ, ಅಥವಾ ಇದೂ ಒಂದು ತೋರಿಕೆಯೇ ಎಂದು ಹಲವು ಮನೆಗಳಲ್ಲಿ ಕೇಳುತ್ತಾರೆ. ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕಾಗಿದೆ.

ಈ ತರಬೇತಿಯ ತವರು ಅಮೇರಿಕ. ಅಲ್ಲಿ 1964ರ ನಾಗರಿಕ ಹಕ್ಕುಗಳ ಕಾಯಿದೆಯು ಉದ್ಯೋಗದಲ್ಲಿ ಜನಾಂಗ, ವರ್ಣ, ಧರ್ಮ, ಲಿಂಗ ಮತ್ತು ಮೂಲ ದೇಶದ ಆಧಾರದಲ್ಲಿ ತಾರತಮ್ಯವನ್ನು ನಿಷೇಧಿಸಿತು. ಕಾಯಿದೆ ಬಂದ ಮೇಲೆ ಕಂಪೆನಿಗಳು ಮೊಕದ್ದಮೆಯ ಭಯದಿಂದ ತಮ್ಮ ಅಧಿಕಾರಿಗಳನ್ನು ತರಗತಿಯಲ್ಲಿ ಕೂರಿಸಲಾರಂಭಿಸಿದವು. ದಶಕಗಳ ಬಳಿಕ ಫ್ರಾಂಕ್ ಡಾಬಿನ್ ಮತ್ತು ಅಲೆಕ್ಸಾಂಡ್ರಾ ಕಾಲೆವ್ ಎಂಬ ಸಮಾಜಶಾಸ್ತ್ರಜ್ಞರು ಎಂಟುನೂರಕ್ಕೂ ಹೆಚ್ಚು ಕಂಪೆನಿಗಳ ಮೂವತ್ತು ವರ್ಷಗಳ ಅಂಕಿಅಂಶಗಳನ್ನು ಪರಿಶೀಲಿಸಿದರು. 2016ರಲ್ಲಿ ಅವರು ಸಾರ್ವಜನಿಕರ ಮುಂದಿಟ್ಟ ಫಲಿತಾಂಶ ಅಚ್ಚರಿ ಹುಟ್ಟಿಸುವಂತಿತ್ತು. ಅಧಿಕಾರಿಗಳಿಗೆ ತರಬೇತಿಯನ್ನು ಕಡ್ಡಾಯ ಮಾಡಿದ ಕಂಪೆನಿಗಳಲ್ಲಿ ಐದು ವರ್ಷಗಳ ನಂತರವೂ ಮೇಲ್ದರ್ಜೆಯ ಹುದ್ದೆಗಳಲ್ಲಿ ಬಿಳಿಯ ಮಹಿಳೆಯರ, ಕರಿಯ ಪುರುಷರ ಪ್ರಮಾಣ ಏರಿರಲಿಲ್ಲ. ಕರಿಯ ಮಹಿಳೆಯರ ಪ್ರಮಾಣವಂತೂ ಸರಾಸರಿ ಶೇ. 9ರಷ್ಟು ಇಳಿದಿತ್ತು. ಬಲವಂತವಾಗಿ ಕೂರಿಸಿ ಬೋಧಿಸಿದಾಗ ಮನುಷ್ಯನ ಮನಸ್ಸು ಬಾಗಿಲು ಮುಚ್ಚಿಕೊಳ್ಳುತ್ತದೆ. ಇಷ್ಟಪಟ್ಟು ಬಂದವರಿಗೆ ಕೊಟ್ಟ ತರಬೇತಿ, ಹಿರಿಯ ಅಧಿಕಾರಿಯೊಬ್ಬ ಕಿರಿಯನೊಬ್ಬನ ಏಳಿಗೆಯ ಹೊಣೆ ಹೊರುವ ಪದ್ಧತಿ, ಯಾರನ್ನು ನೇಮಿಸಿದಿರಿ, ಯಾರಿಗೆ ಬಡ್ತಿ ಕೊಟ್ಟಿರಿ ಎಂದು ಲೆಕ್ಕ ಕೇಳುವ ಏರ್ಪಾಡು ಇದ್ದಲ್ಲಿ ಮಾತ್ರ ಸ್ಥಿತಿ ಸುಧಾರಿಸಿತ್ತು. 2025ರ ಜನವರಿಯಲ್ಲಿ ಅಲ್ಲಿನ ಹೊಸ ಸರಕಾರವು ಕೇಂದ್ರ ಇಲಾಖೆಗಳಲ್ಲಿ ಇಂತಹ ಕಾರ್ಯಕ್ರಮಗಳನ್ನೇ ನಿಲ್ಲಿಸಲು ಆದೇಶ ಹೊರಡಿಸಿತು. ಅದು ರಾಜಕೀಯದ ಮಾತು, ಸಂಶೋಧನೆಯ ತೀರ್ಪಲ್ಲ. ಎರಡನ್ನೂ ಬೆರೆಸಬಾರದು.

ಹಾಗಾದರೆ ಭಿನ್ನ ಜನರು ಒಬ್ಬರನ್ನೊಬ್ಬರು ಅರಿಯುವುದು ಹೇಗೆ? ಗಾರ್ಡನ್ ಆಲ್‌ಪೋರ್ಟ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ಇದಕ್ಕೆ ಉತ್ತರ ಹುಡುಕಿದ್ದ. ಬರೇ ಒಟ್ಟಿಗಿದ್ದರೆ ಸಾಲದು. ಸ್ಥಾನ ಸಮಾನವಾಗಿರಬೇಕು, ಗುರಿ ಒಂದೇ ಆಗಿರಬೇಕು, ಅದನ್ನು ಸಾಧಿಸಲು ಒಬ್ಬನಿಗೆ ಇನ್ನೊಬ್ಬನ ನೆರವು ಬೇಕಾಗಬೇಕು ಮತ್ತು ಮೇಲಿನವರ ಬೆಂಬಲ ಅದಕ್ಕಿರಬೇಕು ಎಂದು ಆತ ಹೇಳಿದ. ಇದನ್ನು ಇತ್ತೀಚೆಗೆ ಮೈದಾನದಲ್ಲಿ ಪರೀಕ್ಷಿಸಿ ನೋಡಲಾಗಿದೆ. ಉತ್ತರ ಪ್ರದೇಶದಲ್ಲಿ ಮ್ಯಾಟ್ ಲೋ ಎಂಬ ಸಂಶೋಧಕ ಹಳ್ಳಿಯ ಯುವಕರ ಕ್ರಿಕೆಟ್ ಪಂದ್ಯಾವಳಿ ನಡೆಸಿದ. ಬೇರೆ ಬೇರೆ ಜಾತಿಯವರು ಒಂದೇ ತಂಡದಲ್ಲಿ ಆಡಿದಲ್ಲಿ ಗೆಳೆತನ ಬೆಳೆಯಿತು. ಎದುರಾಳಿಗಳಾಗಿ ಮಾತ್ರ ಭೇಟಿಯಾದಲ್ಲಿ ಅಂತಹ ಫಲ ಕಾಣಲಿಲ್ಲ, ಅಂತರವೇ ಉಳಿಯಿತು. ಇರಾಕಿನಲ್ಲಿ ಐಸಿಸ್‌ನ ಹಾವಳಿಯಿಂದ ಮನೆಮಾರು ಕಳಕೊಂಡಿದ್ದ ಕ್ರೈಸ್ತ ಯುವಕರ ಫುಟ್ಬಾಲ್ ತಂಡಗಳಲ್ಲಿ ಕೆಲವಕ್ಕೆ ಮುಸ್ಲಿಮ್ ಆಟಗಾರರನ್ನು ಸೇರಿಸಿ ಸಲ್ಮಾ ಮೂಸಾ ಎಂಬಾಕೆ ಅಧ್ಯಯನ ನಡೆಸಿದರು. 2020ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಜತೆಗೆ ಆಡಿದವರು ಆರು ತಿಂಗಳ ನಂತರವೂ ಮುಸ್ಲಿಮರೊಡನೆ ಅಭ್ಯಾಸ ಮಾಡುತ್ತಿದ್ದರು. ಆದರೆ ಮೈದಾನದ ಹೊರಗೆ, ಪರಿಚಯವಿಲ್ಲದ ಮುಸ್ಲಿಮರ ವಿಷಯದಲ್ಲಿ ಅವರ ನಡವಳಿಕೆ ಹೆಚ್ಚೇನೂ ಬದಲಾಗಿರಲಿಲ್ಲ. ಈ ಎರಡನೆಯ ಭಾಗವನ್ನು ಮರೆಯಬಾರದು. ಒಬ್ಬ ಸಹೋದ್ಯೋಗಿಯ ಸ್ನೇಹ ಗಳಿಸಿದ ಮಾತ್ರಕ್ಕೆ ಸಮಾಜದ ಪೂರ್ವಗ್ರಹ ಕರಗಿಬಿಡುವುದಿಲ್ಲ.

ತರಬೇತಿಯ ಮಾತೆಲ್ಲ ಕಚೇರಿಯ ಒಳಗೆ ಬಂದವರ ಕುರಿತು. ಬಾಗಿಲಲ್ಲೇ ತಡೆಯಲ್ಪಟ್ಟವರ ಗತಿಯೇನು? 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಒಂದು ಸರಳ ಪರೀಕ್ಷೆಯ ವಿವರ ಪ್ರಕಟಿಸಿದರು. ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪೆನಿಗಳ 548 ಉದ್ಯೋಗ ಜಾಹೀರಾತುಗಳಿಗೆ 4,808 ಅರ್ಜಿಗಳನ್ನು ಕಳಿಸಲಾಗಿತ್ತು. ವಿದ್ಯಾರ್ಹತೆ, ಅನುಭವ ಎಲ್ಲವೂ ಸಮಾನ. ವ್ಯತ್ಯಾಸ ಹೆಸರಿನಲ್ಲಿ ಮಾತ್ರ. ಮೇಲ್ಜಾತಿಯ ಹೆಸರಿಗೆ ಕರೆ ಬರುವ ಸಾಧ್ಯತೆಯನ್ನು ಒಂದು ಎಂದು ಹಿಡಿದರೆ ದಲಿತ ಹೆಸರಿಗೆ ಅದು 0.67, ಮುಸ್ಲಿಮ್ ಹೆಸರಿಗೆ 0.33 ಆಗಿತ್ತು. ಇದಕ್ಕೆ ಒಂದು ವರ್ಷ ಮೊದಲು, 2006ರಲ್ಲಿ, ಸಾಚಾರ್ ಸಮಿತಿಯು ದೇಶದ ಜನಸಂಖ್ಯೆಯಲ್ಲಿ ಶೇ. 13.4ರಷ್ಟಿದ್ದ ಮುಸ್ಲಿಮರು ಐಎಎಸ್ ಹುದ್ದೆಗಳಲ್ಲಿ ಶೇ. 3ರಷ್ಟು ಮಾತ್ರ ಇದ್ದಾರೆಂದು ತೋರಿಸಿಕೊಟ್ಟಿತ್ತು. ಸಂವಿಧಾನದ 16ನೇ ವಿಧಿಯು ಸರಕಾರಿ ಉದ್ಯೋಗದಲ್ಲಿ ಸಮಾನ ಅವಕಾಶದ ಭರವಸೆ ನೀಡಿದೆ. ಖಾಸಗಿ ಮಾಲಿಕನೊಬ್ಬ ಧರ್ಮ ನೋಡಿ ಅರ್ಜಿಯನ್ನು ಬದಿಗಿಟ್ಟರೆ ಅವನನ್ನು ಹಿಡಿದು ಕೇಳುವ ಸಮಗ್ರ ಕಾಯಿದೆ ನಮ್ಮಲ್ಲಿಲ್ಲ. ಮಹಿಳೆಯರ ಮಟ್ಟಿಗೆ 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆಯಿದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವಲ್ಲಿ ಆಂತರಿಕ ಸಮಿತಿ ಇರಲೇಬೇಕು, ಸಿಬ್ಬಂದಿಗೆ ತಿಳುವಳಿಕೆ ಶಿಬಿರ ನಡೆಸಲೇಬೇಕು. ಉದ್ಯೋಗಕ್ಕೆ ಹೋಗುವ ನಮ್ಮ ಹೆಣ್ಣು ಮಕ್ಕಳು ತಮ್ಮ ಕಚೇರಿಯ ಆ ಸಮಿತಿಯಲ್ಲಿ ಯಾರಿದ್ದಾರೆಂದು ಮೊದಲ ವಾರವೇ ತಿಳಿದುಕೊಳ್ಳಲಿ.

ನಮ್ಮ ಜಿಲ್ಲೆಯಲ್ಲಿ ಇತ್ತೀಚೆಗೆ ನಡೆದುದನ್ನು ಮುಚ್ಚಿಟ್ಟು ಈ ಪಾಠ ಬರೆಯಲಾಗದು. 2021ರ ಕೊನೆಯಲ್ಲಿ ಉಡುಪಿಯ ಸರಕಾರಿ ಕಾಲೇಜೊಂದರಲ್ಲಿ ಆರಂಭವಾದ ಹಿಜಾಬ್ ವಿವಾದವು 2022ರ ಅಕ್ಟೋಬರಿನಲ್ಲಿ ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಾಧೀಶರ ಭಿನ್ನ ತೀರ್ಪಿನವರೆಗೆ ಹೋಯಿತು. 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಪೂಜೆಯ ವೇಳೆ ಮಳಿಗೆಗಳ ಹರಾಜಿನಿಂದ ಮುಸ್ಲಿಮ್ ವ್ಯಾಪಾರಿಗಳನ್ನು ಹೊರಗಿಡಲಾಯಿತು. ಬಳೆ, ಆಟಿಕೆ, ಹಣ್ಣು ಮಾರುವವನಿಗೆ ಜಾತ್ರೆಯೇ ಕಚೇರಿ. ಅಲ್ಲಿಂದ ಹೊರಗೆ ಹಾಕಿದರೆ ಅವನ ಉದ್ಯೋಗ ಹೋದಂತೆಯೇ. ಆ ದಿನಗಳಲ್ಲಿ ಕಚೇರಿಗಳ ಊಟದ ಮೇಜಿನಲ್ಲೂ ಮೌನ ಬಂದು ಕುಳಿತದ್ದು ಸುಳ್ಳಲ್ಲ.

ಇಂತಹ ಮೌನದ ಎದುರು ಉಡುಪಿಯದೇ ಇನ್ನೊಂದು ಘಟನೆಯನ್ನು ಇಡಬೇಕು. 1906ರ ಮಾರ್ಚ್ 12ರಂದು ಉಡುಪಿಯಲ್ಲಿ 'ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ (ಉಡುಪಿ) ಲಿಮಿಟೆಡ್' ಎಂಬ ಪುಟ್ಟ ಬ್ಯಾಂಕೊಂದು ಬಾಗಿಲು ತೆರೆಯಿತು. ಅದರ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರು. ಅವರು ಬಿಡುಗೈ ದಾನಿ, ಆಗಿನ್ನೂ ಇಪ್ಪತ್ತರ ಹರೆಯದ ವ್ಯಾಪಾರಿ. ಜತೆಗೂಡಿದವರು ಊರಿನ ಹಿಂದೂ ಮಿತ್ರರು. ಮೂಲ ಬಂಡವಾಳ ಐದು ಸಾವಿರ ರೂಪಾಯಿ. ಮೊದಲ ದಿನದ ಅಂತ್ಯಕ್ಕೆ ಬ್ಯಾಂಕಿನಲ್ಲಿ ಜಮೆಯಾಗಿದ್ದುದು 38 ರೂಪಾಯಿ, 13 ಆಣೆ, 2 ಪೈ. ಸ್ವದೇಶಿ ಚಳವಳಿಯ ಕಾಲವದು. ಜಾತಿ ಮತಗಳ ಭೇದವಿಲ್ಲದೆ ಎಲ್ಲ ವರ್ಗದವರಲ್ಲಿ ಉಳಿತಾಯದ ಅಭ್ಯಾಸವನ್ನು ಮಾತ್ರವಲ್ಲ, ಪರಸ್ಪರ ಸಹಕಾರದ ಅಭ್ಯಾಸವನ್ನೂ ಬೆಳೆಸುವುದೇ ಉದ್ದೇಶವೆಂದು ಸ್ಥಾಪಕರು ಜನರ ಮುಂದಿಟ್ಟ ಮನವಿಯಲ್ಲಿ ಬರೆದುಕೊಂಡಿದ್ದರು. ಇಂದು ದೊಡ್ಡ ಕಂಪೆನಿಗಳು ತಮ್ಮ ವೈವಿಧ್ಯ ನೀತಿಯೆಂದು ಚೌಕಟ್ಟು ಹಾಕಿ ಗೋಡೆಗೆ ತೂಗುವ ಮಾತನ್ನು ಉಡುಪಿಯ ಜನ ನೂರು ವರ್ಷಗಳಿಗೂ ಹಿಂದೆ ಬಂಡವಾಳ ಹಾಕಿ ಹೇಳಿದ್ದರು.

(ಬ್ಯಾಂಕೆಂದರೆ ಬಡ್ಡಿಯಲ್ಲವೇ ಎಂದು ಕೆಲವು ಓದುಗರಿಗೆ ಅನಿಸಬಹುದು. ಆ ಪ್ರಶ್ನೆ ಬೇರೆ, ಅದರ ಉತ್ತರವೂ ಬೇರೆ. ಇಲ್ಲಿ ನೋಡಬೇಕಾದುದು ಒಡನಾಟವನ್ನು.)

ಆ ಬ್ಯಾಂಕೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. 1980ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಎಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಅಳಿಯಿತು. ಆದರೆ ಆ ಹೆಸರಿನಡಿ ಮೂರು ನಾಲ್ಕು ತಲೆಮಾರಿನ ಜನರು ಸಂಬಳ ಪಡೆದರು, ಮನೆ ಕಟ್ಟಿದರು. ಒಬ್ಬ ಮುಸ್ಲಿಮನ ಮುಂದಾಳುತನದಲ್ಲಿ ಹುಟ್ಟಿದ ಸಂಸ್ಥೆಯಲ್ಲಿ ಬ್ರಾಹ್ಮಣರು, ಬಂಟರು, ಬಿಲ್ಲವರು, ಕ್ರೈಸ್ತರು ದುಡಿದರು. ಆಲ್‌ಪೋರ್ಟ್ ಹೇಳಿದ ಷರತ್ತುಗಳನ್ನು ಇಲ್ಲಿ ಒಂದೊಂದಾಗಿ ಹುಡುಕಿ ನೋಡಿ. ಪಾಲುದಾರರಾದುದರಿಂದ ಸ್ಥಾನ ಸಮಾನ. ಠೇವಣಿ ಮುಳುಗಿದರೆ ಎಲ್ಲರದೂ ಮುಳುಗುತ್ತದೆ, ಆದುದರಿಂದ ಗುರಿ ಒಂದೇ. ಗುಮಾಸ್ತನ ಲೆಕ್ಕ ಸರಿಯಿದ್ದರೆ ಮಾತ್ರ ಅಧ್ಯಕ್ಷನ ಮಾನ ಉಳಿಯುತ್ತದೆ. ಅದೇ ಉಡುಪಿಯಲ್ಲಿ 1925ರಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಾಗ, ದಿನಕ್ಕೆ ಎರಡಾಣೆ ಸಂಗ್ರಹಿಸಲು ಏಜೆಂಟ್ ಮನೆ ಮನೆಗೆ ಹೋಗಬೇಕಾಯಿತು. ಮೊಗವೀರರ ಅಂಗಳಕ್ಕೂ ಬ್ಯಾರಿಯ ಅಂಗಡಿಗೂ ದಿನಾ ಕಾಲಿಟ್ಟ ಆತನಿಗೆ ಯಾವ ತರಗತಿ ಬೇಕಿತ್ತು?

ಇನ್ನು ನಮ್ಮ ಕಡೆಗೆ ನೋಡೋಣ. ಜನಾಂಗಗಳನ್ನೂ ಗೋತ್ರಗಳನ್ನೂ ಮಾಡಿರುವುದು ಪರಸ್ಪರ ಪರಿಚಯಕ್ಕಾಗಿ ಎಂದು ಸೂರಃ ಅಲ್ ಹುಜುರಾತ್‌ನ 13ನೇ ಸೂಕ್ತ ಕಲಿಸುತ್ತದೆ. ಇದನ್ನು ನಾವು ಸಮಾರಂಭಗಳಲ್ಲಿ ಧಾರಾಳವಾಗಿ ಓದುತ್ತೇವೆ. ಅದಕ್ಕೆ ಎರಡು ಸೂಕ್ತ ಹಿಂದೆ, ಒಂದು ಜನವರ್ಗವು ಇನ್ನೊಂದನ್ನು ಗೇಲಿ ಮಾಡಬಾರದು, ಅಡ್ಡಹೆಸರುಗಳಿಂದ ಕರೆಯಬಾರದು ಎಂದಿರುವುದು ಅಷ್ಟಾಗಿ ಉಲ್ಲೇಖಗೊಳ್ಳುವುದಿಲ್ಲ. ಪರಿಚಯದ ಮಾತು ಬರುವುದಕ್ಕೆ ಮೊದಲು ನಾಲಗೆಯ ಮಾತು ಬಂದಿದೆ. ಕಚೇರಿಯಲ್ಲಿ ಬಹುತೇಕ ಜಗಳಗಳು ಹುಟ್ಟುವುದೂ ಅಲ್ಲಿಂದಲೇ.

ಹ. ಅಬೂ ಝರ್‌ರ(ರ) ಘಟನೆ ಎಲ್ಲರಿಗೂ ಗೊತ್ತು. ಅವರು ಒಬ್ಬರನ್ನು, ಅದು ಹ. ಬಿಲಾಲ್(ರ) ಎಂದು ಕೆಲವು ವರದಿಗಳಲ್ಲಿದೆ, ತಾಯಿಯ ಹೆಸರೆತ್ತಿ ಮೂದಲಿಸಿದರು. ಪ್ರವಾದಿವರ್ಯರು(ಸ) ಇದನ್ನು ಕೇಳಿ, ಅಬೂ ಝರ್‌ರಲ್ಲಿ ಇನ್ನೂ ಅಜ್ಞಾನ ಕಾಲದ ಅಂಶ ಉಳಿದಿದೆಯೆಂದು ನೇರವಾಗಿ ಎಚ್ಚರಿಸಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ನಿಮ್ಮ ಕೈಕೆಳಗೆ ದುಡಿಯುವವರು ನಿಮ್ಮ ಸಹೋದರರು, ತಾವು ಉಣ್ಣುವುದನ್ನೇ ಅವರಿಗೆ ಉಣಿಸಬೇಕು, ತಾವು ತೊಡುವುದನ್ನೇ ತೊಡಿಸಬೇಕು, ಶಕ್ತಿ ಮೀರಿದ ಹೊರೆ ಹೊರಿಸಬಾರದು, ಹೊರಿಸಿದರೆ ಜತೆಗೂಡಿ ನೆರವಾಗಬೇಕು ಎಂದು ಕಲಿಸಿದರು. ಬೈಗುಳದ ಪ್ರಕರಣಕ್ಕೆ ಪರಿಹಾರವಾಗಿ ಬಂದುದು ಊಟ, ಬಟ್ಟೆ ಮತ್ತು ಕೆಲಸದ ಹಂಚಿಕೆಯ ನಿಯಮ ಎಂಬುದನ್ನು ಗಮನಿಸಬೇಕು. ನಾಲಗೆಯನ್ನು ತಿದ್ದುವ ಹಾದಿ ತಟ್ಟೆಯ ಮೂಲಕ ಹೋಗುತ್ತದೆ.

ಹಿಜ್‌ರತ್‌ನ ಪ್ರಸಂಗ ಇದಕ್ಕಿಂತಲೂ ಗಂಭೀರವಾದುದು. ಪ್ರವಾದಿವರ್ಯರ(ಸ) ತಲೆಗೆ ನೂರು ಒಂಟೆಗಳ ಬಹುಮಾನ ಘೋಷಣೆಯಾಗಿದ್ದ ಸಮಯದಲ್ಲಿ ಮದೀನಾದ ಹಾದಿ ತೋರಿಸಲು ಸಂಬಳಕ್ಕೆ ನೇಮಿಸಲ್ಪಟ್ಟವನು ಅಬ್ದುಲ್ಲಾ ಬಿನ್ ಉರೈಖಿತ್. ಆತ ಮುಸ್ಲಿಮನಾಗಿರಲಿಲ್ಲ, ಕುರೈಶರ ಧರ್ಮದಲ್ಲೇ ಇದ್ದವನು. ಎರಡು ಒಂಟೆಗಳನ್ನು ಅವನ ವಶಕ್ಕೆ ಕೊಟ್ಟು, ಮೂರು ರಾತ್ರಿಗಳ ಬಳಿಕ ಸೌರ್ ಗುಹೆಯ ಬಳಿ ಬರಲು ಹೇಳಲಾಗಿತ್ತು. ಬಹುಮಾನದ ಆಸೆಗೆ ಬಲಿಬೀಳದೆ ಆತ ಹೇಳಿದ ಹೊತ್ತಿಗೆ ಬಂದ, ಸುರಕ್ಷಿತ ದಾರಿಯಲ್ಲಿ ಕರೆದೊಯ್ದ. ಆತನಲ್ಲಿ ನೋಡಲಾದುದು ಎರಡೇ ಗುಣಗಳು, ದಾರಿಯ ಜ್ಞಾನ ಮತ್ತು ನಂಬಿಕಸ್ಥಿಕೆ. ಪ್ರಾಣದ ವಿಷಯದಲ್ಲೇ ಈ ಅಳತೆಗೋಲು ಸಾಕಾದರೆ ಬಟ್ಟೆಯಂಗಡಿಯ ಲೆಕ್ಕಿಗನನ್ನು ನೇಮಿಸುವಾಗ ನಮಗೆ ಬೇರೆ ಅಳತೆಗೋಲು ಯಾಕೆ ಬೇಕು?

ಈ ಪ್ರಶ್ನೆಯನ್ನು ನಮ್ಮ ಮಾಲಿಕರು ತಮ್ಮಲ್ಲಿ ಕೇಳಿಕೊಳ್ಳಲಿ. 0.33ರ ಅಂಕಿಯನ್ನು ಕಂಡು ನೊಂದುಕೊಳ್ಳುವ ನಾವು ನಮ್ಮ ಅಂಗಡಿಗಳಲ್ಲಿ ದೇಶಬಾಂಧವರಿಗೆ ಎಷ್ಟು ಸ್ಥಾನ ಕೊಟ್ಟಿದ್ದೇವೆ? ಮಲ್ಪೆಯ ಬಂದರಿನಲ್ಲಿ, ಕಟ್ಟಡದ ಕೆಲಸದಲ್ಲಿ, ಹೋಟೆಲಿನ ಅಡುಗೆಮನೆಯಲ್ಲಿ ಒಡಿಶಾ, ಜಾರ್ಖಂಡ್, ಉತ್ತರ ಕರ್ನಾಟಕದ ಕಡೆಯಿಂದ ಬಂದವರು ದುಡಿಯುತ್ತಾರೆ. ಅವರನ್ನು ಹೆಸರು ಹಿಡಿದು ಕರೆಯುವವರು ಎಷ್ಟು ಮಂದಿ? 'ಏ ಹಿಂದಿ' ಎಂದು ಕೂಗುವುದೂ ಅಡ್ಡಹೆಸರೇ. ಕೊಲ್ಲಿ ದೇಶಗಳಲ್ಲಿ ದುಡಿದು ಬಂದವರು ನಮ್ಮಲ್ಲಿ ಬಹಳ. ಒಂದೇ ಕೆಲಸಕ್ಕೆ ಪಾಸ್‌ಪೋರ್ಟಿನ ಬಣ್ಣ ನೋಡಿ ಸಂಬಳ ಗೊತ್ತುಮಾಡುವುದನ್ನು ಅಲ್ಲಿ ಕಣ್ಣಾರೆ ಕಂಡವರು ಊರಿಗೆ ಬಂದು ಅದನ್ನೇ ಮಾಡಿದರೆ ಅದಕ್ಕೆ ಏನೆನ್ನಬೇಕು?

ಉದ್ಯೋಗಿಗಳಾಗಿರುವ ಯುವಕ ಯುವತಿಯರಿಗೆ ಕೆಲವು ಸಣ್ಣ ಮಾತುಗಳು. ಸಣ್ಣ ಮಾತುಗಳೇ, ಆದರೆ ಕಚೇರಿಯ ಬಾಳು ನಡೆಯುವುದು ಅವುಗಳ ಮೇಲೆ.

ಝುಹ್ರ್ ನಮಾಝಿಗೆ ಸಮಯದ ವಿಸ್ತಾರವಿದೆ. ಮುಖ್ಯವಾದ ಸಭೆಯ ನಡುವೆ ಎದ್ದು ಹೋಗಬೇಕಾದ ಅನಿವಾರ್ಯತೆ ಇಲ್ಲ. ಜುಮಾ ಹಾಗಲ್ಲ, ಅದರ ಹೊತ್ತು ನಿಗದಿಯಾದುದು. ಕೆಲಸಕ್ಕೆ ಸೇರುವಾಗಲೇ ಮೇಲಧಿಕಾರಿಗೆ ಇದನ್ನು ತಿಳಿಸಿ, ಆ ಒಂದು ಗಂಟೆಯನ್ನು ಬೆಳಿಗ್ಗೆಯೋ ಸಂಜೆಯೋ ತುಂಬಿಕೊಡುವೆನೆಂದು ಹೇಳಿ, ಹೇಳಿದಂತೆ ತುಂಬಿಕೊಡಬೇಕು. ಸದ್ದಿಲ್ಲದೆ ಮಾಯವಾಗಿ ಮೂರು ಗಂಟೆಗೆ ಮರಳುವವನು ತನಗೆ ಮಾತ್ರವಲ್ಲ, ನಾಳೆ ಅದೇ ಕಚೇರಿಗೆ ಅರ್ಜಿ ಹಾಕುವ ಇನ್ನೊಬ್ಬ ಮುಸ್ಲಿಮನಿಗೂ ಬಾಗಿಲು ಮುಚ್ಚುತ್ತಾನೆ. ವುಝೂ ಮಾಡಿದ ಬಳಿಕ ಬೇಸಿನ್ನಿನ ಸುತ್ತ ಚೆಲ್ಲಿದ ನೀರನ್ನು ಒರೆಸಿ ಬರಬೇಕು. ಒದ್ದೆ ನೆಲದಲ್ಲಿ ಜಾರುವವನಿಗೆ ನಮ್ಮ ನಮಾಝಿನ ಮಹತ್ವ ಅರ್ಥವಾಗುವುದಿಲ್ಲ. ರಮಝಾನಿನಲ್ಲಿ ಎದುರಿಗೆ ಯಾರಾದರೂ ಚಹಾ ಕುಡಿದರೆ ಮುಖ ಸಿಂಡರಿಸಬಾರದು, ವ್ರತವಿದೆಯೆಂದು ಕೆಲಸವನ್ನು ಪಕ್ಕದವನ ಮೇಜಿಗೆ ಜಾರಿಸಲೂಬಾರದು.

ಕೈಕುಲುಕಲು ಸಂಕೋಚವಿರುವ ಸೋದರಿಯರು ಎದೆಯ ಮೇಲೆ ಕೈಯಿಟ್ಟು ನಗುಮುಖದಿಂದ ವಂದಿಸಿ, ಇದು ತಮ್ಮ ರೂಢಿಯೆಂದು ಒಮ್ಮೆ ಹೇಳಿದರೆ ಸಾಕು. ಮುಖ ತಿರುಗಿಸಿದರೆ ಅದು ಅವಮಾನವೆನಿಸುತ್ತದೆ. ಬುತ್ತಿ ಬಿಚ್ಚುವ ಮೇಜಿನಲ್ಲಿ ಸಸ್ಯಾಹಾರಿಗಳಿದ್ದರೆ ಅವರ ಪಾತ್ರೆ, ಚಮಚಗಳನ್ನು ಮಾಂಸದ ಬುತ್ತಿಯಿಂದ ದೂರವಿಡುವುದು ಹಲಾಲ್ ಹರಾಮ್ ಏನೆಂದು ಬಲ್ಲ ನಮಗೆ ಕಷ್ಟವಾಗಬಾರದು. ಐದು ಮಂದಿ ಇರುವಲ್ಲಿ ಇಬ್ಬರು ಬ್ಯಾರಿಯಲ್ಲೋ ಉರ್ದುವಿನಲ್ಲೋ ಮಾತಿಗೆ ತೊಡಗಿದರೆ ಉಳಿದ ಮೂವರು ಹೊರಗುಳಿಯುತ್ತಾರೆ. ತುಳು, ಕೊಂಕಣಿಯವರಿಗೂ ಇದೇ ಮಾತನ್ನು ಹೇಳುವ ಹಕ್ಕು ನಮಗಿರಬೇಕಾದರೆ ಮೊದಲು ನಾವು ಪಾಲಿಸಿರಬೇಕು.

ಗೇಲಿಯ ಮಾತು ಬಂದರೆ? ಕ್ರಿಕೆಟ್ ಪಂದ್ಯದ ಮರುದಿನ ಎಂತಹ ಚುಚ್ಚುಮಾತು ಬರುತ್ತದೆಂದು ಕಚೇರಿಯಲ್ಲಿರುವ ಪ್ರತಿಯೊಬ್ಬ ಮುಸ್ಲಿಮನಿಗೂ ಗೊತ್ತು. ಎಲ್ಲರೆದುರು ಸಿಡಿಯುವುದು ಒಂದು ದಾರಿ, ನುಂಗಿಕೊಂಡು ಒಳಗೇ ಕುದಿಯುವುದು ಇನ್ನೊಂದು. ಎರಡೂ ಕೆಟ್ಟವು. ಆಡಿದವನನ್ನು ಅದೇ ದಿನ ಬದಿಗೆ ಕರೆದು, ಈ ಮಾತು ತನಗೆ ನೋವಾಯಿತೆಂದು ಶಾಂತವಾಗಿ ಹೇಳಬೇಕು. ಬಹಳಷ್ಟು ಮಂದಿ ಅಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸದವರ ಬಗ್ಗೆ ತಾರೀಖು, ಮಾತು, ಇದ್ದವರ ಹೆಸರು ಬರೆದಿಟ್ಟು ಲಿಖಿತ ದೂರು ಕೊಡಬೇಕು. ಸಹನೆಯೆಂದರೆ ಅನ್ಯಾಯಕ್ಕೆ ತಲೆಬಾಗುವುದು ಎಂದು ಯಾರೂ ನಮಗೆ ಕಲಿಸಿಲ್ಲ. ವೈವಿಧ್ಯ ತರಬೇತಿಗೆ ಕರೆದರೆ ಹೋಗಿ ಕುಳಿತುಕೊಳ್ಳಿ, ಆದರೆ ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿ. ಕಳೆದ ವರ್ಷ ಅರ್ಜಿ ಹಾಕಿದವರಲ್ಲಿ, ನೇಮಕಗೊಂಡವರಲ್ಲಿ, ಬಡ್ತಿ ಪಡೆದವರಲ್ಲಿ ಯಾರ್ಯಾರಿದ್ದರು? ಈ ಲೆಕ್ಕ ಇಟ್ಟಿರುವ ಸಂಸ್ಥೆಯಲ್ಲಿ ತರಬೇತಿಗೂ ಬೆಲೆಯಿದೆ.

ಇನ್ನುಳಿದುದು ರಜೆಯ ವಿಷಯ. ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜಾ ಕಾಯಿದೆಯು ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದು ದಿನಗಳಲ್ಲದೆ ಹಬ್ಬಗಳಿಗೆ ಐದು ರಜೆಗಳನ್ನು ಗೊತ್ತುಪಡಿಸಿದೆ. ಐದು ರಜೆ, ಆದರೆ ಹಬ್ಬಗಳು ಎಷ್ಟೋ. ಉಡುಪಿಯ ಕಚೇರಿಯಲ್ಲಿ ಒಬ್ಬರಿಗೆ ವಿಟ್ಲಪಿಂಡಿ ಬೇಕು, ಕಲ್ಯಾಣಪುರದ ಕ್ರೈಸ್ತ ಸಹೋದ್ಯೋಗಿಗೆ ಸೆಪ್ಟೆಂಬರ್ 8ರ ಮೊಂತಿ ಹಬ್ಬ ಬೇಕು. ನಮ್ಮದು ಇನ್ನೂ ತೊಡಕು, ಯಾಕೆಂದರೆ ಚಂದ್ರದರ್ಶನದ ಮೇಲೆ ಹಬ್ಬ ನಿಂತಿದೆ. 2024ರಲ್ಲಿ ಕರಾವಳಿಯವರು ಈದುಲ್ ಫಿತ್ರನ್ನು ಎಪ್ರಿಲ್ 10ರಂದು ಆಚರಿಸಿದರೆ ಬೆಂಗಳೂರಿನವರಿಗೆ ಅದು 11ರಂದು ಬಂತು. ಒಂದೇ ಧರ್ಮ, ಒಂದೇ ರಾಜ್ಯ, ಎರಡು ದಿನ. ಬೆಂಗಳೂರಿನಲ್ಲಿ ಕುಳಿತು ರಜಾಪಟ್ಟಿ ತಯಾರಿಸುವ ಅಧಿಕಾರಿ ಇದನ್ನು ತಾನಾಗಿ ತಿಳಿದಿರಬೇಕೆಂದು ನಿರೀಕ್ಷಿಸುವುದು ತಪ್ಪು. ರಮಝಾನ್ ಆರಂಭವಾದ ವಾರವೇ, ಹಬ್ಬ ಬೀಳಬಹುದಾದ ಎರಡೂ ತಾರೀಖುಗಳನ್ನು ಬರೆದು, ಇದ್ದದ್ದು ಹೀಗೆಂದು ಎರಡು ಸಾಲಿನಲ್ಲಿ ವಿವರಿಸಿ ಕೊಟ್ಟುಬಿಡಬೇಕು. ಪಟ್ಟಿಯ ರಜೆ ತಮಗೆ ಬೇಡದ ದಿನ ಬಂದರೆ ಅಂದು ತಾವು ಕೆಲಸಕ್ಕೆ ಬರುವೆವೆಂದೂ, ಮೊಂತಿ ಹಬ್ಬದ ದಿನ ಮತ್ತು ವಿಟ್ಲಪಿಂಡಿಯ ಮಧ್ಯಾಹ್ನ ಜತೆಗಾರರ ಪಾಳಿಯನ್ನು ತಾವು ನೋಡಿಕೊಳ್ಳುವೆವೆಂದೂ ಅದೇ ಕಾಗದದಲ್ಲಿ ಬರೆದಿರಲಿ.